ಮಗುವನ್ನು ಎತ್ತುವ ಅಮ್ಮನಿಗೆ ಈಗ ಎಷ್ಟು ವಯಸ್ಸು?

[ದೃಶ್ಯ: ಪೆರ್ಲ ಪೇಟೆ, ಬೆಳಗ್ಗೆ. ಬಸ್ಸಿನಿಂದ ಇಳಿಯುವ ಜನ. ಆಮೇಲೆ ಗುಡ್ಡೆ ಹತ್ತುವ ಮಣ್ಣಿನ ದಾರಿ.]

ನಮಸ್ಕಾರ. ಎಲ್ಲರೂ ಸೌಖ್ಯ ಅಲ್ವಾ?

ಇವತ್ತು ಒಂದು ಮೆಡಿಕಲ್ ಕ್ಯಾಂಪಿನ ವಿಷಯದಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕಾಸರಗೋಡು ಕಡೆಯ ಒಂದು ಶಾಲೆಯಲ್ಲಿ, ಎಂಡೋಸಲ್ಫಾನ್ ಎನ್ನುವ ಕೀಟನಾಶಕದಿಂದ ತೊಂದರೆಯಾದವರಿಗೆ ಕ್ಯಾಂಪ್ ನಡೆದಿತ್ತು. ಬಂದ ಡಾಕ್ಟರಿಗೆ ಮಲಯಾಳ, ಇಂಗ್ಲಿಷ್ ಬರುತ್ತಿತ್ತು. ಬಂದ ಅಮ್ಮಂದಿರಿಗೆ ತುಳು, ಕನ್ನಡ. ನಡುವೆ ಮಾತು ದಾಟಿಸಲು ನಾನು ಕೂತಿದ್ದೆ. ಒಬ್ಬರು ಅಮ್ಮ ಮಗಳನ್ನು ಆಟೋದಿಂದ ಎತ್ತಿಕೊಂಡೇ ಒಳಗೆ ಬಂದರು. ಮಗಳಿಗೆ ಮೂವತ್ತು ದಾಟಿದೆ. ಅಮ್ಮನಿಗೆ ಅರುವತ್ತರ ಮೇಲೆ. ಫಿಟ್ಸ್ ಬರುತ್ತದಾ, ಅನ್ನ ನುಂಗುತ್ತಾಳಾ, ಮೂತ್ರ ಹೋದದ್ದು ಗೊತ್ತಾಗುತ್ತದಾ, ಮಾತ್ರೆ ಯಾವುದು ಕೊಡುತ್ತೀರಿ. ಕೇಳಿದ್ದೆಲ್ಲ ಬೇಕಾದ ಪ್ರಶ್ನೆಯೇ, ಡಾಕ್ಟರ್ ಪಾಪ ಒಳ್ಳೆಯವರು, ಹೊರಗೆ ನೂರು ಜನ ಕಾಯುತ್ತಿದ್ದರು. ಹತ್ತು ನಿಮಿಷದಲ್ಲಿ ಮುಗಿಯಿತು.

ಹೊರಗೆ ಜಗಲಿಯಲ್ಲಿ ಮಗಳನ್ನು ಕೂರಿಸಿ, ಹೆಗಲು ಒತ್ತಿಕೊಳ್ಳುತ್ತಾ ಅವರು ನನ್ನ ಹತ್ತಿರ ಹೇಳಿದರು: "ಯಾನ್ ಪೋಯಿ ಬೊಕ್ಕ ಈ ಬಾಲೆನ್ ಏರ್ ತೂಪೆರ್?" ನಾನು ಹೋದ ಮೇಲೆ ಈ ಮಗುವನ್ನು ಯಾರು ನೋಡುತ್ತಾರೆ?

ಆ ದಿನ ನಾನು ದಾಟಿಸಿದ ಮಾತುಗಳಲ್ಲಿ ಈ ಮಾತು ಇರಲಿಲ್ಲ. ಅದನ್ನು ಬರೆಯಲು ಆ ಫಾರಂನಲ್ಲಿ ಜಾಗವೂ ಇರಲಿಲ್ಲ.

[ದೃಶ್ಯ: ಗೇರು ತೋಟ. ಕೆಳಗೆ ಕಣಿವೆ, ಮನೆಗಳ ಹೆಂಚು, ತೋಡು.]

ಹೊರಗಿನ ಊರಿನವರಿಗೆ ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಕಾಸರಗೋಡಿನ ಗುಡ್ಡೆಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ಸಾವಿರಾರು ಹೆಕ್ಟೇರು. ಗೇರಿನ ಚಿಗುರು, ಹೂವು ಹೀರುವ ಒಂದು ಕೀಟ ಇದೆ, ಟೀ ಸೊಳ್ಳೆ ಅನ್ನುತ್ತಾರೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. ಇದು ನರಗಳ ಮೇಲೆ ಕೆಲಸ ಮಾಡುವ ವಿಷ. ಬಾವಿ ಮುಚ್ಚಿಕೊಳ್ಳಿ ಅಂತ ಜನರಿಗೆ ಹೇಳುತ್ತಿದ್ದರಂತೆ. ಆದರೆ ನಮ್ಮ ಕಡೆ ನೀರು ಬರುವುದು ಬರೀ ಬಾವಿಯಿಂದಲ್ಲ ಅಲ್ವಾ? ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ನೀರಿಗಾಗಿ ಗುಡ್ಡೆ ಕೊರೆದ ಸುರಂಗಗಳಿವೆ, ಸುರಂಗದ ನೀರು ತುಂಬುವ ತೆರೆದ ಕೆರೆಗಳಿವೆ, ತೋಡುಗಳಿವೆ. ಹರಿಯುವ ತೋಡನ್ನು ಯಾರು ಯಾವುದರಿಂದ ಮುಚ್ಚುವುದು?

ಅದೇ ಎಣ್ಮಕಜೆಯ ಪಡ್ರೆ ಊರಿನಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳನ್ನು ನೋಡಿ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಅಂತ ಕೇಳಲು ಶುರು ಮಾಡಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2000ದಲ್ಲಿ ಸಿಂಪಡಣೆ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು.

ಈಗ ಒಂದು ಸಣ್ಣ ಲೆಕ್ಕ ಹಾಕಿ. ಎಂಬತ್ತರ ದಶಕದ ಮಧ್ಯದಲ್ಲಿ ಹುಟ್ಟಿದ ಮಗುವಿಗೆ ಇವತ್ತು ನಲ್ವತ್ತರ ಹತ್ತಿರ. ಆ ಮಗು ಎದ್ದು ಕೂರುವುದಿಲ್ಲ ಅಂದರೆ, ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಅದನ್ನು ಯಾರೋ ಎತ್ತಿದ್ದಾರೆ. ಮಂಚದಿಂದ ಚಾಪೆಗೆ, ಚಾಪೆಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಮಂಚಕ್ಕೆ. ಮಗು ಎಂಟು ಕಿಲೋ ಇದ್ದಾಗ ಅಮ್ಮನಿಗೆ ಇಪ್ಪತ್ತೈದು ವಯಸ್ಸು. ಮಗು ನಲ್ವತ್ತು ಕಿಲೋ ಆದಾಗ ಅಮ್ಮನಿಗೆ ಅರುವತ್ತೈದು. ಸರ್ಕಾರದ ಕಾಗದದಲ್ಲಿ, ಪೇಪರಿನ ಫೋಟೋದಲ್ಲಿ ಈಗಲೂ ಅವರು ಎಂಡೋಸಲ್ಫಾನ್ "ಮಕ್ಕಳು". ಅಮ್ಮಂದಿರಿಗೆ ವಯಸ್ಸಾದದ್ದು ಆ ಫೋಟೋದಲ್ಲಿ ಕಾಣುವುದಿಲ್ಲ. ನನಗೆ ಇದನ್ನು ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಈ ವಿಡಿಯೋ ಮಾಡುತ್ತಿರುವುದೇ ಅದಕ್ಕೆ.

[ದೃಶ್ಯ: ಅಡುಗೆಮನೆ. ಒಲೆ, ಗಂಜಿ ಪಾತ್ರೆ. ಮುಖ ತೋರಿಸುವುದು ಬೇಡ, ಕೈ ಮಾತ್ರ.]

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

1962ರಲ್ಲಿ ಅಮೆರಿಕದ ಸೈಮನ್ ಒಲ್ಶಾನ್ಸ್ಕಿ ಎನ್ನುವವರು ಬುದ್ಧಿಮಾಂದ್ಯ ಮಕ್ಕಳ ತಂದೆತಾಯಿಗಳ ಬಗ್ಗೆ ಒಂದು ಮಾತು ಹೇಳಿದರು. ಯಾರಾದರೂ ತೀರಿಹೋದರೆ ಅಳುತ್ತೇವೆ, ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುತ್ತೇವೆ, ವರ್ಷಾಂತ ಕಳೆಯುವ ಹೊತ್ತಿಗೆ ದುಃಖ ಸ್ವಲ್ಪ ಇಳಿಯುತ್ತದೆ. ಆದರೆ ಈ ತಂದೆತಾಯಿಗಳ ದುಃಖ ಹಾಗೆ ಇಳಿಯುವುದಿಲ್ಲ. ಜೊತೆಯ ಮಕ್ಕಳು ಶಾಲೆಗೆ ಸೇರಿದ ದಿನ ಒಮ್ಮೆ, ಪಕ್ಕದ ಮನೆಯ ಹುಡುಗಿಗೆ ಮದುವೆಯಾದ ದಿನ ಒಮ್ಮೆ, ತನ್ನದೇ ಮೊಣಕಾಲು ನೋಯಲು ಶುರುವಾದ ದಿನ ಇನ್ನೊಮ್ಮೆ, ಹೊಸತಾಗಿ ಬರುತ್ತದೆ. ಇದನ್ನು ಅವರು ತೀರದ ದುಃಖ ಅಂದರು. ಮುಖ್ಯ ಮಾತು ಇದು: ಇದು ರೋಗವಲ್ಲ, ಆ ಪರಿಸ್ಥಿತಿಯಲ್ಲಿ ಯಾರಿಗಾದರೂ ಆಗುವುದೇ. ಹಾಗಾಗಿ "ನೀವು ಇನ್ನೂ ಒಪ್ಪಿಕೊಂಡಿಲ್ಲ, ಧೈರ್ಯ ತಂದುಕೊಳ್ಳಿ" ಅಂತ ಉಪದೇಶ ಮಾಡಿ ಏನೂ ಪ್ರಯೋಜನ ಇಲ್ಲ. ಬೇಕಾದದ್ದು ಕೆಲಸದ ಸಹಾಯ, ಬೇಸರ ಹೇಳಿಕೊಳ್ಳಲು ಒಬ್ಬ ಮನುಷ್ಯ, ಆಗಾಗ ಬಿಡುವು.

ನಮ್ಮ ಕಡೆ ಈ ದುಃಖಕ್ಕೆ ಇನ್ನೊಂದು ಪದರ ಇದೆ. ತಪ್ಪಿತಸ್ಥ ಭಾವನೆ. ಮೊದಮೊದಲು ನಾಗದೋಷ ಅಂದರು, ದೈವದ ಮುನಿಸು ಅಂದರು. ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಟ್ಟರು, ಹರಕೆ ಹೇಳಿದರು, ಇದ್ದ ಸ್ವಲ್ಪ ಚಿನ್ನವೂ ಹೋಯಿತು. ಆಮೇಲೆ ವಿಷ ಅಂತ ಗೊತ್ತಾಯಿತು. ಆಗಲಾದರೂ ಅಮ್ಮನ ತಲೆಯಿಂದ ಆ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. "ಬಸುರಿಯಾಗಿದ್ದಾಗ ನಾನು ಆ ತೋಡಿನ ನೀರು ಕುಡಿದೆನಲ್ಲಾ" ಅಂತ ಈಗಲೂ ಹೇಳುವವರಿದ್ದಾರೆ. ಬಾಯಾರಿದಾಗ ನೀರು ಕುಡಿದದ್ದು ತಪ್ಪಾ?

ಇನ್ನು ಕಾರಣದ ಜಗಳ. 2002ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲೆ ಮಕ್ಕಳನ್ನು ವಿಷ ಸಿಂಪಡಿಸದ ಮೀಂಜದ ಮಕ್ಕಳ ಜೊತೆ ಹೋಲಿಸಿ, ಪಡ್ರೆಯಲ್ಲಿ ತೊಂದರೆ ಜಾಸ್ತಿ ಇದೆ ಅಂತ ವರದಿ ಕೊಟ್ಟರು. ಅದನ್ನು ಒಪ್ಪದ ಕೃಷಿ ವಿಜ್ಞಾನಿಗಳೂ ಇದ್ದಾರೆ. ಒಂದೊಂದು ಮಗುವಿನ ಒಂದೊಂದು ಕಾಯಿಲೆಯನ್ನು ಹಿಡಿದು, ಇದು ಇದೇ ವಿಷದಿಂದ ಅಂತ ಬೆರಳಿಟ್ಟು ತೋರಿಸುವುದು ಕಷ್ಟ, ನಿಜ. ಆದರೆ ಈ ಜಗಳದಿಂದ ಮನೆಯಲ್ಲಿ ಏನಾಗುತ್ತದೆ ಅಂದರೆ, ಅಮ್ಮ ತನ್ನ ಮಗುವಿನ ಕಷ್ಟವನ್ನು ಮತ್ತೆ ಮತ್ತೆ ಸಾಬೀತು ಮಾಡಬೇಕಾಗುತ್ತದೆ. ಪ್ರತಿ ಕ್ಯಾಂಪಿಗೂ ಮಗುವನ್ನು ಎತ್ತಿಕೊಂಡು ಹೋಗಬೇಕು, ಪ್ರತಿ ಟೇಬಲಿನ ಮುಂದೆ ಅದೇ ಕತೆ ಹೇಳಬೇಕು, ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬಂತಾ ಅಂತ ಕಾಯಬೇಕು. ಈ ಕಾಯುವುದಿದೆಯಲ್ಲಾ, ಅದು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ.

ಕಾಯುವುದು ಅಂದರೆ ಎಷ್ಟು? 2010ರ ಕೊನೆಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಿ ಅಂತ ಹೇಳಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಅಂತ ಆದೇಶ ಮಾಡಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ, 3704 ಜನರಲ್ಲಿ ಹಣ ಸಿಕ್ಕಿದ್ದು 8 ಜನಕ್ಕೆ. ಎಂಟು. ಕೋರ್ಟು ಗದರಿಸಿದ ಮೇಲೆ ಹಣ ಹಂಚುವ ಕೆಲಸ ಚುರುಕಾಯಿತು. ಆದರೆ ಆ ಐದು ವರ್ಷ ಅಮ್ಮಂದಿರ ಆಯುಸ್ಸಿನಿಂದ ಹೋಯಿತು.

[ದೃಶ್ಯ: ಕ್ಯಾಮೆರಾಕ್ಕೆ ನೇರ.]

ಹಾಗಾದರೆ ನೋಡಿಕೊಳ್ಳುವವರಿಗೆ ಏನೂ ಇಲ್ಲವಾ? ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಕೇರಳದಲ್ಲಿ ಆಶ್ವಾಸಕಿರಣಂ ಅಂತ ಒಂದು ಯೋಜನೆ ಇದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ದಿನಕ್ಕೆ 20 ರೂಪಾಯಿ ಆಯಿತು. ದೊಡ್ಡವರಿಗೆ ಹಾಕುವ ಒಂದು ಡೈಪರಿಗೂ ಅದು ಸಾಲದು. ಆದರೂ ಈ ಯೋಜನೆಯನ್ನು ನಾನು ಸಣ್ಣದು ಮಾಡುವುದಿಲ್ಲ, ಯಾಕೆಂದರೆ ನೋಡಿಕೊಳ್ಳುವುದೂ ಒಂದು ಕೆಲಸ ಅಂತ ಸರ್ಕಾರ ಒಪ್ಪಿದ ಜಾಗ ಅದು. ಬಡ್ಸ್ ಶಾಲೆಗಳಿವೆ, ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆಗಳು. ಹಗಲು ಹೊತ್ತು ಮಕ್ಕಳನ್ನು ಅಲ್ಲಿ ಬಿಡಬಹುದು. ಆದರೆ ಪೂರ್ತಿ ಮಲಗಿಯೇ ಇರುವವರನ್ನು ಗುಡ್ಡೆ ಇಳಿಸಿ ವ್ಯಾನಿನವರೆಗೆ ತರುವುದು ಯಾರು? ಯಾರಿಗೆ ಬಿಡುವು ಅತಿ ಜಾಸ್ತಿ ಬೇಕೋ, ಅವರಿಗೇ ಸಿಗುವುದಿಲ್ಲ.

ನನಗೆ ಆಸೆ ಇರುವುದು ಇನ್ನೊಂದು ಕಡೆ. 2008ರಲ್ಲಿ ಕೇರಳ ಪ್ಯಾಲಿಯೇಟಿವ್ ಕೇರ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಯ ನೀತಿ ಮಾಡಿತು. ಅದರಿಂದ ಪಂಚಾಯತಿನ ನರ್ಸ್ ಮನೆಗೇ ಬರುತ್ತಾರೆ. ಗಾಯ ತೊಳೆಯುತ್ತಾರೆ, ಟ್ಯೂಬ್ ಬದಲಿಸುತ್ತಾರೆ, ಬಿಪಿ ನೋಡುತ್ತಾರೆ. ಇಂಥ ವ್ಯವಸ್ಥೆ ನಮ್ಮ ದೇಶದ ಎಷ್ಟೋ ಕಡೆ ಇಲ್ಲ. ಅದೇ ನರ್ಸ್ ಹೊರಡುವ ಮೊದಲು ಅಮ್ಮನ ಹತ್ತಿರ ತಿರುಗಿ, "ನಿಮಗೆ ನಿನ್ನೆ ನಿದ್ರೆ ಬಂತಾ?" ಅಂತ ಕೇಳಿ ಬರೆದುಕೊಳ್ಳಬೇಕು. ಅಷ್ಟು ಸಾಕು ಶುರುವಿಗೆ. ನೋಡಿಕೊಳ್ಳುವವರ ಭಾರ ಅಳೆಯುವುದಕ್ಕೆ ಸ್ಟೀವನ್ ಜರಿಟ್ ಮತ್ತು ಜೊತೆಯವರು 1980ರಲ್ಲೇ ಒಂದು ಪ್ರಶ್ನಾವಳಿ ಮಾಡಿದ್ದಾರೆ. ಅದರ 22 ಪ್ರಶ್ನೆಗಳ ರೂಪ ಈಗ ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದೆ. ನಿಮಗೆ ಅಂತ ಸಮಯ ಉಳಿಯುತ್ತದಾ, ನಿಮ್ಮ ಆರೋಗ್ಯ ಕೆಟ್ಟಿದೆಯಾ, ಹೀಗೆ ಸರಳ ಪ್ರಶ್ನೆಗಳು.

ಆದರೆ ಯಾವ ಭಾಷೆಯಲ್ಲಿ ಕೇಳುವುದು? ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಈ ಕಡೆಯೆಲ್ಲ ಮನೆಯೊಳಗೆ ತುಳು, ಕನ್ನಡ, ಹವ್ಯಕ, ಮರಾಟಿ. ಜ್ವರ ಇದೆ ಅಂತ ಮಲಯಾಳದಲ್ಲಿ ಹೇಳಬಹುದು, ಕೈ ಸನ್ನೆಯಲ್ಲೂ ಹೇಳಬಹುದು. "ಒಮ್ಮೊಮ್ಮೆ ಇವಳು ನನಗಿಂತ ಮೊದಲು ಹೋದರೆ ಒಳ್ಳೆಯದಿತ್ತು ಅನಿಸುತ್ತದೆ, ಆಮೇಲೆ ನನ್ನ ಮೇಲೇ ಅಸಹ್ಯ ಆಗುತ್ತದೆ" ಅನ್ನುವುದನ್ನು ಕಲಿತ ಭಾಷೆಯಲ್ಲಿ ಹೇಳಲು ಆಗುವುದಿಲ್ಲ. ಇದನ್ನು ಮಾತು ದಾಟಿಸುವ ಪಕ್ಕದ ಮನೆಯವನ ಎದುರು ಹೇಳಲೂ ಆಗುವುದಿಲ್ಲ. ನಮ್ಮ ಅಮ್ಮಂದಿರು ಅದನ್ನು ತಲೆಭಾರ, ಮೈಕೈ ನೋವು, ಎದೆ ಹೊಡೆದುಕೊಳ್ಳುತ್ತದೆ ಅಂತ ಹೇಳುತ್ತಾರೆ. ಗ್ಯಾಸಿನ ಮಾತ್ರೆ ತೆಗೆದುಕೊಂಡು ಮನೆಗೆ ಬರುತ್ತಾರೆ. ಕಾಸರಗೋಡಿನ ಕನ್ನಡ ಹೋರಾಟ ಅಂದರೆ ನಾವು ಶಾಲೆ, ಬೋರ್ಡು, ಪರೀಕ್ಷೆ ಅಂತಲೇ ಮಾತಾಡುತ್ತೇವೆ. ಅದೆಲ್ಲ ಬೇಕು. ಜೊತೆಗೆ, ಮನೆ ಬಾಗಿಲಿಗೆ ಬರುವ ನರ್ಸಿಗೆ, ಕೌನ್ಸೆಲರಿಗೆ ತುಳುವೋ ಕನ್ನಡವೋ ಬರಬೇಕು ಅನ್ನುವುದನ್ನು ನಮ್ಮ ಬೇಡಿಕೆಯ ಮೊದಲ ಸಾಲಿನಲ್ಲಿ ಇಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕೇರಳದ 1969ರ ಅಧಿಕೃತ ಭಾಷೆ ಕಾನೂನಿನಲ್ಲೇ ಇಲ್ಲಿನ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ ಇದೆ. ಅರ್ಜಿಗೆ ಕೊಟ್ಟ ಹಕ್ಕು ಅಳುವಿಗೂ ಬೇಕಲ್ವಾ?

ಈಗಲೇ ಬಳಸಬಹುದಾದದ್ದು ಎರಡು ಇವೆ, ಬರೆದಿಟ್ಟುಕೊಳ್ಳಿ.

[ಪರದೆಯ ಮೇಲೆ ದೊಡ್ಡದಾಗಿ: 14416]

ಇದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಫೋನ್ ನಂಬರು, ಕೇಂದ್ರ ಸರ್ಕಾರದ್ದು, 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡ ಆರಿಸಿಕೊಳ್ಳಬಹುದು. ಮಗುವಿಗೆ ಕಾಯಿಲೆ ಇರಬೇಕು ಅಂತ ಇಲ್ಲ, ನಿಮಗೆ ಸಾಕಾಗಿದೆ ಅಂದರೆ ಸಾಕು, ಫೋನ್ ಮಾಡಬಹುದು.

ಇನ್ನೊಂದು, ಆ ಅಮ್ಮನ ಪ್ರಶ್ನೆಗೆ ಸಂಬಂಧಪಟ್ಟದ್ದು. 1999ರ ನ್ಯಾಷನಲ್ ಟ್ರಸ್ಟ್ ಕಾನೂನು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಒಂದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ 18 ವರ್ಷ ತುಂಬಿದ ಮೇಲೂ ಕಾನೂನಿನ ಪ್ರಕಾರ ಅವರ ಹೊಣೆ ಹೊರುವ ಗಾರ್ಡಿಯನ್ ಒಬ್ಬರನ್ನು ನೇಮಿಸಬಹುದು. ಅಪ್ಪ ಅಮ್ಮ ಆಗಬಹುದು, ಸಂಬಂಧಿಕರೂ ಆಗಬಹುದು. ಇದನ್ನು ನೋಡುವ ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ನೀವು ಗಟ್ಟಿ ಇರುವಾಗಲೇ ಅರ್ಜಿ ಹಾಕಿಬಿಡಿ. ಅದೇ ಟ್ರಸ್ಟಿನ ನಿರಾಮಯ ಎನ್ನುವ ಆರೋಗ್ಯ ವಿಮೆಯಲ್ಲಿ 1 ಲಕ್ಷದವರೆಗೆ ಸಿಗುತ್ತದೆ. ಕಾಗದ ಮಗುವನ್ನು ಎತ್ತುವುದಿಲ್ಲ, ಗೊತ್ತು. ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಕಾಡುವ ಹತ್ತು ಯೋಚನೆಗಳಲ್ಲಿ ಒಂದು ಕಡಿಮೆಯಾಗುತ್ತದೆ.

ನೆರೆಕರೆಯವರಿಗೆ ಒಂದು ಮಾತು ಇದೆ. ಆ ಕ್ಯಾಂಪಿನ ಅಮ್ಮನ ಮನೆ ನಮ್ಮಿಂದ ದೂರ ಇಲ್ಲ. ಒಮ್ಮೆ ವಿಟ್ಲದಲ್ಲಿ ಅವರ ತಂಗಿಯ ಮಗನ ಮದುವೆ ಇತ್ತು. ಮಗಳನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಹೋಗಿ ಬನ್ನಿ ಅಂತ ನನ್ನ ಅಮ್ಮ, ನಾನು ಬೆಳಗ್ಗೆ ಎಂಟಕ್ಕೇ ಹೋದೆವು. ಗಂಜಿ ಎಷ್ಟು ತೆಳ್ಳಗೆ ಬೇಕು, ಯಾವ ಬದಿಗೆ ಮಲಗಿಸಬೇಕು ಅಂತ ಎಲ್ಲ ಹೇಳಿಕೊಟ್ಟರು. ಸೀರೆ ಉಟ್ಟರು, ಮಲ್ಲಿಗೆ ಮುಡಿದರು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ, ಸ್ವಲ್ಪ ಬೆನ್ನು ಚಾಚುತ್ತೇನೆ ಅಂತ ಚಾವಡಿಯಲ್ಲಿ ಚಾಪೆ ಹಾಕಿದರು.

ಬಸ್ಸು ಹೋಯಿತು. ನಾವು ಎಬ್ಬಿಸಲಿಲ್ಲ. ಮುಡಿದ ಮಲ್ಲಿಗೆಯ ಜೊತೆಗೇ ಮಧ್ಯಾಹ್ನ ಒಂದೂವರೆವರೆಗೆ ಮಲಗಿದರು. ಎದ್ದು ಕೂತು ಮೊದಲು ಕೇಳಿದ್ದು, ಅವಳು ಗಂಜಿ ಕುಡಿದಳಾ ಅಂತ.

ಕುಡಿದಿದ್ದಳು. ಒಂದು ಲೋಟ ಪೂರ್ತಿ.