ಓಕೆ ಅನ್ನೋ ಹಳೇ ಜೋಕು

ಹೋಟೆಲ್‌ನಲ್ಲಿ ಕೊಡೋ ಟಿಪ್ ಇದೆಯಲ್ಲ, ಅದು ‘ಟು ಇನ್ಶೂರ್ ಪ್ರಾಂಪ್ಟ್‌ನೆಸ್’ ಅನ್ನುವುದರ ಮೊದಲಕ್ಷರಗಳಂತೆ. ಬೇಗ ತಂದುಕೊಡಲಿ ಅಂತ ಮೊದಲೇ ಕೊಡುತ್ತಿದ್ದ ಕಾಸಂತೆ. ಬಹಳ ಜನ ಇದನ್ನು ನಂಬಿದ್ದಾರೆ. ಶುದ್ಧ ಸುಳ್ಳು. ಟಿಪ್ ಅನ್ನುವುದು 17ನೇ ಶತಮಾನದ ಇಂಗ್ಲೆಂಡಿನ ಕಳ್ಳಕಾಕರ ಗುಟ್ಟಿನ ಭಾಷೆಯ ಮಾತು. ‘ಕೊಡು, ದಾಟಿಸು’ ಅಂತ ಅರ್ಥ.

ಪಾಶ್ ಏರಿಯಾ ಅಂತೀವಲ್ಲ, ಆ ಪಾಶ್‌ಗೂ ಇಂಥದ್ದೇ ಕಥೆ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ಹಡಗಿನಲ್ಲಿ ಬಿಸಿಲು ತಾಗದ ಕೋಣೆ ಎಡಗಡೆ, ವಾಪಸ್ ಹೋಗುವಾಗ ಬಲಗಡೆ. ಸಾಹುಕಾರರ ಟಿಕೆಟ್ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಅಂತ ನಾಲ್ಕಕ್ಷರ ಒತ್ತುತ್ತಿದ್ದರಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಅಂಥ ಒಂದೇ ಒಂದು ಟಿಕೆಟ್ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ.

ಮೊದಲಕ್ಷರ ಜೋಡಿಸಿ ಪದ ಕಟ್ಟುವ ಚಾಳಿ ಜೋರಾಗಿದ್ದೇ 20ನೇ ಶತಮಾನದಲ್ಲಿ. ರೇಡಾರ್, ಲೇಸರ್ ಎಲ್ಲ ಆ ಕಾಲದವು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಇಂಥ ಕಥೆ ಹೇಳಿದರೆ ನಾನಂತೂ ನಂಬಲ್ಲ.

ನಿಜವಾದ ಮೂಲಗಳು ಇಷ್ಟು ನೀಟಾಗಿರುವುದಿಲ್ಲ. ಅಂಪೈರ್ ಪದವನ್ನೇ ನೋಡಿ. ಹಳೆಯ ಫ್ರೆಂಚ್‌ನಲ್ಲಿ ‘ನೊಂಪೆರ್’ ಅಂದರೆ ಜೋಡಿ ಇಲ್ಲದವನು. ಇಬ್ಬರ ಜಗಳದಲ್ಲಿ ಯಾರ ಕಡೆಗೂ ಸೇರದ ಮೂರನೆಯವನು. ಇಂಗ್ಲಿಷರು ‘ಎ ನೌಂಪೆರ್’ ಅನ್ನುತ್ತಾ ಅನ್ನುತ್ತಾ ‘ಆ್ಯನ್ ಔಂಪೆರ್’ ಮಾಡಿಬಿಟ್ಟರು. ‘ನ’ಕಾರ ಹಿಂದಿನ ಪದಕ್ಕೆ ಅಂಟಿಕೊಂಡಿತು. ಏಪ್ರನ್ ಕೂಡ ಮೊದಲು ನೇಪ್ರನ್ ಆಗಿತ್ತು. ಇದರಲ್ಲಿ ಯಾರ ಜಾಣತನವೂ ಇಲ್ಲ, ಸುಮ್ನೆ ಕಿವಿಯ ಎಡವಟ್ಟು. ನನಗೆ ಇದೇ ಜಾಸ್ತಿ ಇಷ್ಟ.

ಇಷ್ಟೆಲ್ಲ ಹೇಳಿ ಒಂದು ವಿಷಯ ಮುಚ್ಚಿಟ್ಟರೆ ಮೋಸ. ಮೊದಲಕ್ಷರಗಳಿಂದಲೇ ಹುಟ್ಟಿದ ಹಳೆಯ ಪದ ಒಂದಿದೆ. ಅದನ್ನು ನಾವು ದಿನವೂ ಹೇಳುತ್ತೇವೆ. ಓಕೆ!

1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ಪತ್ರಿಕೆಗಳಿಗೆ ಒಂದು ಹುಚ್ಚು ಹಿಡಿದಿತ್ತು. ಬೇಕಂತಲೇ ಕಾಗುಣಿತ ತಪ್ಪಿಸಿ, ಆ ತಪ್ಪು ಪದಗಳ ಮೊದಲಕ್ಷರ ಬರೆಯುವುದು. ‘ಆಲ್ ರೈಟ್’ ಅನ್ನುವುದನ್ನು ‘oll wright’ ಮಾಡಿ ಓ.ಡಬ್ಲ್ಯೂ. ಅಂತೆ! ಈಗ ಓದಿದರೆ ನಗು ಬರುವುದೂ ಕಷ್ಟ. 1839ರ ಮಾರ್ಚ್ 23ರಂದು ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ‘ಆಲ್ ಕರೆಕ್ಟ್’ ಅನ್ನುವುದು ‘oll korrect’ ಆಗಿ, ಅದರ ಬದಲು ಓ.ಕೆ. ಅಂತ ಅಚ್ಚಾಯಿತು. ಅದೂ ಉಳಿದವುಗಳ ಜೊತೆ ಸಾಯಬೇಕಿತ್ತು. ಆದರೆ ಮರುವರ್ಷ ಚುನಾವಣೆ ಬಂತು. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಊರು ಕಿಂಡರ್‌ಹುಕ್, ಅಡ್ಡಹೆಸರು ‘ಓಲ್ಡ್ ಕಿಂಡರ್‌ಹುಕ್’. ಬೆಂಬಲಿಗರು ಓ.ಕೆ. ಕ್ಲಬ್ ಕಟ್ಟಿ ಕೂಗಾಡಿದರು. ಅವರು ಸೋತರು. ಆದರೆ ಅಷ್ಟರಲ್ಲಿ ಓಕೆ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು.

ಇದನ್ನೆಲ್ಲ ಹಳೆಯ ಪತ್ರಿಕೆಗಳಲ್ಲಿ ಕೆದಕಿ ಹುಡುಕಿದವರು ಅಲೆನ್ ವಾಕರ್ ರೀಡ್ ಅನ್ನುವ ವಿದ್ವಾಂಸರು. 1963-64ರಲ್ಲೇ ಬರೆದು ಪ್ರಕಟಿಸಿದರು. ಆದರೂ ಯುದ್ಧದಲ್ಲಿ ಯಾರೂ ಸಾಯದ ದಿನ ‘ಝೀರೋ ಕಿಲ್ಡ್’ ಅಂತ ಬರೆಯುತ್ತಿದ್ದರು, ಅದೇ ಓಕೆ ಆಯ್ತು ಅನ್ನುವವರು ಇನ್ನೂ ಇದ್ದಾರೆ. ಸಿಕ್ಕರೆ ಅವರನ್ನು ಒಂದು ಮಾತು ಕೇಳಿ. ಯಾವ ಯುದ್ಧ ಸ್ವಾಮಿ, ಯಾವ ವರ್ಷ?