ಲವೀನಿಯಾಳ ಮೌನಕ್ಕೆ ರಂಗದ ಮೇಲೆ ಎಷ್ಟು ಹೊತ್ತು?

ಆತ್ಮೀಯ ಕೇಳುಗರಿಗೆ ನಮಸ್ಕಾರ.

1594ರಲ್ಲಿ ಮೊದಲು ಅಚ್ಚಾದ ಶೇಕ್ಸ್‌ಪಿಯರನ 'ಟೈಟಸ್ ಆಂಡ್ರಾನಿಕಸ್' ನಾಟಕವನ್ನು ಕೈಗೆತ್ತಿಕೊಳ್ಳುವ ನಿರ್ದೇಶಕರನ್ನು ಭಯವೊಂದು ಬೆನ್ನು ಬಿಡದೆ ಕಾಡುತ್ತದೆ: ಎದೆ ನಡುಗಬೇಕಾದ ಗಳಿಗೆಯಲ್ಲಿ ಪ್ರೇಕ್ಷಕರು ನಕ್ಕುಬಿಟ್ಟರೆ ಏನು ಗತಿ? ಗಾಥರ ರಾಣಿ ಟಮೋರಾಳ ಹಿರಿಯ ಮಗನನ್ನು ರೋಮನ್ ಸೇನಾನಿ ಟೈಟಸ್ ಬಲಿ ಕೊಡುತ್ತಾನೆ. ರೋಮಿನ ಸಾಮ್ರಾಜ್ಞಿಯಾಗುವ ಟಮೋರಾಳ ಉಳಿದಿಬ್ಬರು ಮಕ್ಕಳು ಟೈಟಸನ ಮಗಳು ಲವೀನಿಯಾಳ ಮೇಲೆ ಅತ್ಯಾಚಾರವೆಸಗಿ, ಆಕೆ ಹೆಸರು ಹೇಳದಂತೆ ನಾಲಿಗೆಯನ್ನೂ ಬರೆದು ತಿಳಿಸದಂತೆ ಎರಡು ಕೈಗಳನ್ನೂ ಕತ್ತರಿಸುತ್ತಾರೆ. ಕೊನೆಗೆ ಟೈಟಸ್ ಅವರಿಬ್ಬರನ್ನೂ ಕೊಂದು, ಬೇಯಿಸಿ, ತಾಯಿಗೇ ಉಣಬಡಿಸುತ್ತಾನೆ. ಈ ಕಥೆಯನ್ನು ತನ್ನ ಕಾಲಕ್ಕೆ ತಿದ್ದಿ ಬರೆದ ಎಡ್ವರ್ಡ್ ರೇವನ್ಸ್‌ಕ್ರಾಫ್ಟ್ 1687ರಲ್ಲಿ ಮೂಲ ನಾಟಕವನ್ನು ಕಸದ ರಾಶಿ ಎಂಬಂತೆ ಜರೆದನು.

ಕೃತಕ ರಕ್ತ ಬಳಸಿ ರಂಗದಲ್ಲಿ ಕೆಲಸ ಮಾಡಿದವರಿಗೆ ಒಂದು ಮಾತು ಗೊತ್ತಿದೆ. ಮೊದಲ ಹನಿಗೆ ಪ್ರೇಕ್ಷಕ ಉಸಿರು ಬಿಗಿಹಿಡಿಯುತ್ತಾನೆ. ಮೂರನೆಯ ಬಾರಿಗೆ ಅವನ ಕಣ್ಣು ನಟನ ಅಂಗಿಯೊಳಗಿನ ಚೀಲವನ್ನು ಹುಡುಕತೊಡಗುತ್ತದೆ. ನಿರ್ದೇಶಕ ಪೀಟರ್ ಬ್ರೂಕ್ 1955ರಲ್ಲಿ ಶೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಹಿಡಿದ ದಾರಿ ಇದನ್ನು ಬಲ್ಲವರ ದಾರಿ. ಲಾರೆನ್ಸ್ ಒಲಿವಿಯೆ ಟೈಟಸನಾಗಿದ್ದ ಆ ಪ್ರಯೋಗದಲ್ಲಿ ಲವೀನಿಯಾಳಾಗಿ ಬಂದ ವಿವಿಯನ್ ಲೀಯ ಮಣಿಕಟ್ಟುಗಳಿಂದಲೂ ಬಾಯಿಯಿಂದಲೂ ಕೆಂಪು ಪಟ್ಟಿಗಳು ಇಳಿಬಿದ್ದಿದ್ದವು. ಒಂದು ತೊಟ್ಟು ರಕ್ತವೂ ಇಲ್ಲದ ಆ ದೃಶ್ಯ ನೋಡುಗರ ಮನಸ್ಸಿನಲ್ಲಿ ರಕ್ತ ಹರಿಸಿತು. ನಮಗೆ ಈ ಬಗೆ ಹೊಸದೇನಲ್ಲ. ಮರಣವನ್ನು ರಂಗದ ಮೇಲೆ ತೋರಬಾರದೆಂಬ ಕಟ್ಟಳೆಯಿದ್ದ ಪರಂಪರೆಯಲ್ಲೇ ಭಾಸನು ತೊಡೆ ಮುರಿದ ದುರ್ಯೋಧನನನ್ನು ರಂಗದ ಮೇಲೆಯೇ ಸಾಯಿಸಿದ. ನೆರೆಯ ಕಥಕಳಿಯಲ್ಲಿ ಭೀಮನು ದುಃಶಾಸನನ ಒಡಲಿನಿಂದ ಹೊರಗೆಳೆಯುವ ಕರುಳು ಕೆಂಪು ಬಣ್ಣದ ಬಟ್ಟೆ. ಅದು ಬಟ್ಟೆಯೆಂದು ಎಲ್ಲರಿಗೂ ಗೊತ್ತು, ಯಾರೂ ನಗುವುದಿಲ್ಲ.

ಆದರೆ ಬ್ರೂಕ್ ಕೊಟ್ಟ ಉತ್ತರಕ್ಕೆ ಒಂದು ಬೆಲೆಯೂ ಇತ್ತು. ಕಾಡಿನಲ್ಲಿ ಲವೀನಿಯಾಳನ್ನು ಮೊದಲು ಕಾಣುವ ಚಿಕ್ಕಪ್ಪ ಮಾರ್ಕಸ್ ಅಲ್ಲಿ 47 ಸಾಲುಗಳ ದೀರ್ಘ ಮಾತಾಡುತ್ತಾನೆ: ಕೊಂಬೆ ಕಡಿದ ಮರ, ಗಾಳಿಗೆ ಉಕ್ಕುವ ಚಿಲುಮೆ, ವೀಣೆಯಂಥ ವಾದ್ಯದ ಮೇಲೆ ಎಲೆಯಂತೆ ನಡುಗುತ್ತಿದ್ದ ಬೆರಳುಗಳು, ಬಾಯಿ ಮುಚ್ಚಿದ ಒಲೆಯಂತೆ ಒಳಗೇ ಸುಡುವ ದುಃಖ. ರಕ್ತ ಸೋರುತ್ತಿರುವ ಹೆಣ್ಣಿನ ಮುಂದೆ ಇಷ್ಟು ಅಲಂಕಾರದ ಮಾತು ಅಸಂಗತವೆಂದು ಬಗೆದು ಬ್ರೂಕ್ ಅದನ್ನು ಕೈಬಿಟ್ಟರು. 1987ರಲ್ಲಿ ಡೆಬೊರಾ ವಾರ್ನರ್ ಸ್ವಾನ್ ರಂಗಮಂದಿರದಲ್ಲಿ ಬ್ರಯಾನ್ ಕಾಕ್ಸ್‌ರನ್ನು ಟೈಟಸನನ್ನಾಗಿಸಿ ಒಂದು ಸಾಲನ್ನೂ ಬಿಡದೆ ಆಡಿಸಿದಾಗ ಆ ಮಾತಿನ ಕೆಲಸ ಏನೆಂಬುದು ಬಯಲಾಯಿತು. ಕಂಡದ್ದನ್ನು ಬುದ್ಧಿ ಒಪ್ಪಿಕೊಳ್ಳಲು ಹೊತ್ತು ಬೇಕು. ಮಾರ್ಕಸ್ ಉಪಮೆಯಿಂದ ಉಪಮೆಗೆ ತಡಕಾಡುವುದು ಆ ಹೊತ್ತಿನಲ್ಲಿ. ಅಷ್ಟೂ ಹೊತ್ತು ನಾವು ಲವೀನಿಯಾಳ ಮುಖವನ್ನು ನೋಡುತ್ತಲೇ ಇರಬೇಕಾಗುತ್ತದೆ. ನನ್ನ ಮಟ್ಟಿಗೆ ಈ ನಾಟಕದ ಕೀಲಿ ಇಲ್ಲಿದೆ. ಆಧುನಿಕ ಪ್ರೇಕ್ಷಕನಿಗೆ ಕ್ರೌರ್ಯ ತೋರಿಸುವುದು ಸುಲಭ. ಕ್ರೌರ್ಯ ಉಂಡವಳ ಎದುರು ಅವನನ್ನು ಕೂರಿಸುವುದು ಕಷ್ಟ.

ಗ್ಲೋಬ್ ರಂಗಮಂದಿರದಲ್ಲಿ ಲೂಸಿ ಬೇಲಿ 2006ರಲ್ಲಿ ಆಡಿಸಿ 2014ರಲ್ಲಿ ಮತ್ತೆ ತಂದ ಪ್ರಯೋಗದಲ್ಲಿ ಪ್ರೇಕ್ಷಕರು ಮೂರ್ಛೆ ಹೋದದ್ದು ಸುದ್ದಿಯಾಯಿತು. ಅದು ಆ ಪ್ರಯೋಗದ ಶಕ್ತಿಗೆ ಸಾಕ್ಷಿಯೇ ಸರಿ, ಆದರೆ ಮೂರ್ಛೆಯ ಸುದ್ದಿಯೇ ಟಿಕೆಟು ಮಾರತೊಡಗಿದರೆ ಲವೀನಿಯಾ ಹಿಂದೆ ಸರಿದುಹೋಗುತ್ತಾಳೆ ಎಂಬ ಆತಂಕ ನನಗಿದೆ.

ಇನ್ನು ನಗುವಿನ ಮಾತು. ಮೂರನೆಯ ಅಂಕದಲ್ಲಿ ಮರಣದಂಡನೆಗೆ ಗುರಿಯಾದ ತನ್ನ ಇಬ್ಬರು ಗಂಡುಮಕ್ಕಳನ್ನು ಉಳಿಸಿಕೊಳ್ಳಲೆಂದು ಟೈಟಸ್ ತನ್ನ ಕೈಯನ್ನೇ ಕಡಿಸಿ ಕಳುಹಿಸುತ್ತಾನೆ. ಮರಳಿ ಬರುವುದು ಆ ಕೈ, ಜೊತೆಗೆ ಇಬ್ಬರು ಮಕ್ಕಳ ತಲೆಗಳು. ಮಾರ್ಕಸ್ ಗೋಳಾಡುತ್ತಾನೆ, ಟೈಟಸ್ ನಗುತ್ತಾನೆ. ಸುರಿಸಲು ಇನ್ನೊಂದು ಹನಿ ಕಣ್ಣೀರೂ ಉಳಿದಿಲ್ಲವೆನ್ನುತ್ತಾನೆ. ಆ ನಗು ಬರುವ ತನಕ ಸಭಾಂಗಣದಲ್ಲಿ ಯಾರೂ ನಗದಂತೆ ಕಾಯ್ದುಕೊಂಡ ನಿರ್ದೇಶಕ ಅರ್ಧ ಗೆದ್ದಂತೆ. ಮರುಕ್ಷಣವೇ ಅಣ್ಣತಮ್ಮಂದಿರಾದ ಟೈಟಸ್, ಮಾರ್ಕಸ್ ಒಂದೊಂದು ತಲೆಯನ್ನು ಎತ್ತಿಕೊಳ್ಳುತ್ತಾರೆ, ತಂದೆಯ ಕೈಯನ್ನು ಮಗಳು ಹಲ್ಲಲ್ಲಿ ಕಚ್ಚಿಕೊಂಡು ಹೊರಡಬೇಕು. ಹಲವರು ಹೆದರಿ ಬಿಟ್ಟುಬಿಡುವ ಈ ಸೂಚನೆಯನ್ನು ಉಳಿಸಿಕೊಳ್ಳಬೇಕೆಂದೇ ನಾನು ವಾದಿಸುತ್ತೇನೆ. ಕೈಯಿಲ್ಲದವಳಿಗೂ ಆ ಮನೆಯಲ್ಲಿ ಹೊರುವ ಪಾಲಿದೆ ಎಂದು ತಂದೆ ಒಪ್ಪಿಕೊಳ್ಳುವುದು ಅಲ್ಲಿಯೇ.

ಅದರ ಬೆನ್ನಿಗೇ ಊಟದ ಮೇಜಿನ ಪುಟ್ಟ ದೃಶ್ಯವೊಂದು ಬರುತ್ತದೆ. ಮಾರ್ಕಸ್ ಚಾಕುವಿನಿಂದ ನೊಣವೊಂದನ್ನು ಕೊಲ್ಲುತ್ತಾನೆ. ಆ ನೊಣಕ್ಕೂ ತಂದೆತಾಯಿ ಇದ್ದಿದ್ದರೆ ಏನು ಮಾಡುತ್ತೀ ಎಂದು ಟೈಟಸ್ ಗದರುತ್ತಾನೆ. ಅದು ಟಮೋರಾಳ ಕಪ್ಪು ಪ್ರಿಯಕರ ಏರನ್ನನಂತೆ ಕಪ್ಪಗಿತ್ತು ಎಂದ ಕೂಡಲೇ ತಾನೇ ಚಾಕು ಕಸಿದು ಸತ್ತ ನೊಣವನ್ನು ಇರಿಯುತ್ತಾನೆ. ಕರುಣೆ ಎಲ್ಲಿ ಮುಗಿದು ದ್ವೇಷ ಎಲ್ಲಿ ಶುರುವಾಗುತ್ತದೆಂಬುದು ಬೆರಳ ತುದಿಯಷ್ಟು ಜಾಗದಲ್ಲಿ ಕಾಣುತ್ತದೆ, ಆ ದ್ವೇಷಕ್ಕೆ ಮೈಬಣ್ಣ ಎಷ್ಟು ಸಲೀಸಾಗಿ ನೆಪವಾಗುತ್ತದೆಂಬುದೂ ಕಾಣುತ್ತದೆ. ಮುಂದೆ ತನ್ನ ಕಪ್ಪು ಕೂಸನ್ನು ಎದೆಗವಚಿಕೊಂಡು ಕತ್ತಿ ಹಿಡಿದು ನಿಲ್ಲುವ ಏರನ್, ಇಡೀ ನಾಟಕದಲ್ಲಿ ಮಗುವಿಗಾಗಿ ಪಟ್ಟುಬಿಡದೆ ಹೋರಾಡುವ ತಂದೆ. ನೊಣದ ದೃಶ್ಯವನ್ನು ಅವಸರದಲ್ಲಿ ದಾಟಿಸಿದರೆ ಈ ತಂದೆಯನ್ನು ನೋಡಲು ಪ್ರೇಕ್ಷಕ ಸಿದ್ಧನಾಗಿರುವುದಿಲ್ಲ.

ಕೊನೆಯ ಔತಣದಲ್ಲಿ ಟಮೋರಾ ಅರಿಯದೆ ಮಕ್ಕಳ ಮಾಂಸ ಉಣ್ಣುತ್ತಿರುವಾಗ, ಟೈಟಸ್ ಎಲ್ಲರೆದುರು ಮಗಳನ್ನು ಕೊಲ್ಲುತ್ತಾನೆ. ಅವಳ ಅವಮಾನ ಅವಳೊಡನೆ ಸಾಯಲಿ ಎನ್ನುತ್ತಾನೆ. ಲವೀನಿಯಾ ಒಪ್ಪಿದಳೇ, ಹಿಂಜರಿದಳೇ, ಪಠ್ಯದಲ್ಲಿ ಅಕ್ಷರವೂ ಇಲ್ಲ. ಅವಳು ತಾನೇ ನಡೆದು ಬಂದು ತಂದೆಯ ಎದೆಗೆ ಒರಗಬಹುದು, ಚಾಕು ಕಂಡು ಒಂದು ಹೆಜ್ಜೆ ಹಿಂದಿಡಬಹುದು. ತಾಲೀಮಿನ ಮೊದಲ ದಿನವೇ ಆ ಪಾತ್ರದ ನಟಿಯನ್ನು ಕೂರಿಸಿಕೊಂಡು, ಆ ಒಂದು ಹೆಜ್ಜೆ ಯಾವ ಕಡೆಗೆ ಎಂದು ಅವಳನ್ನೇ ಕೇಳಬೇಕು.