ಗಾರ್ಡೀನಾದ ಪೋಕರ್ ಮೇಜುಗಳು

ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಉಪನಗರ ಗಾರ್ಡೀನಾ. ಕ್ಯಾಸಿನೊ ಅಂದಕೂಡಲೇ ನಿಮಗೆ ಲಾಸ್ ವೇಗಸ್ ನೆನಪಾಗಬಹುದು. ಇಲ್ಲಿ ಸ್ಲಾಟ್ ಯಂತ್ರಗಳೇ ಇಲ್ಲ. ಮೇಜು, ಕುರ್ಚಿ ಬಾಡಿಗೆಗೆ ಕೊಡುವ ಇಸ್ಪೀಟು ಮನೆಗಳಾಗಿಯೇ ಇವು ಬೆಳೆದದ್ದು. ಕಾರಣ, ಕ್ಯಾಲಿಫೋರ್ನಿಯಾ ದಂಡಸಂಹಿತೆಯ 330ನೇ ಕಲಂ. ಅದರಂತೆ ಕ್ಲಬ್ಬಿನವರು ತಾವೇ ಎದುರಾಳಿಯಾಗಿ ಪಣ ಒಡ್ಡುವಂತಿಲ್ಲ, ಪಣದಲ್ಲಿ ಶೇಕಡಾವಾರು ಪಾಲನ್ನೂ ತೆಗೆಯುವಂತಿಲ್ಲ. 1885ರಲ್ಲಿ ಅದರ ನಿಷೇಧದ ಪಟ್ಟಿಗೆ ಸ್ಟಡ್-ಹಾರ್ಸ್ ಎಂಬ ಬಗೆಯ ಪೋಕರ್ ಸೇರಿತು. ಎಲ್ಲ ಎಲೆಗಳನ್ನೂ ಮುಚ್ಚಿ ಹಿಡಿಯುವ ಡ್ರಾ ಪೋಕರ್ ಪಟ್ಟಿಯ ಹೊರಗೇ ಉಳಿಯಿತು. ಬೇಕೋ ಬೇಡವೋ ಎಂಬುದು ಆಯಾ ಊರಿಗೆ ಬಿಟ್ಟ ವಿಚಾರವಾಯಿತು. ಆ ಸಂದಿಯಲ್ಲೇ ಅರ್ನೆಸ್ಟ್ ಪ್ರಿಮ್ 1936ರಲ್ಲಿ ಗಾರ್ಡೀನಾದಲ್ಲಿ ಕ್ಲಬ್ ತೆರೆದ. ಮುಂದೆ ಅವು ಆರಾದವು, ನಗರಸಭೆಯ ಬೊಕ್ಕಸವೂ ತುಂಬಿತು.

ಆಗ ಎಲೆ ಹಂಚಲು ನೌಕರರಿರಲಿಲ್ಲ, ಆಟಗಾರರೇ ಸರದಿಯಂತೆ ಹಂಚಬೇಕಿತ್ತು. ಹಾಗೆ ಹಂಚುವಲ್ಲಿ ಏನೇನು ನಡೆಯುತ್ತದೆಂದು ಇಸ್ಪೀಟು ಬಲ್ಲವರಿಗೆ ಹೇಳಬೇಕಿಲ್ಲ: ಕಟ್ಟಿನ ತಳದಿಂದ ಎಲೆ ಎಳೆಯುವುದು, ಇಬ್ಬರು ಒಳಗೊಳಗೇ ಒಂದಾಗಿ ನಡುವೆ ಸಿಕ್ಕವನ ಮೇಲೆ ಪಣ ಏರಿಸುವುದು. ಕ್ಲಬ್ಬಿಗೆ ಮಾತ್ರ ಅರ್ಧಗಂಟೆಗೊಮ್ಮೆ ಕುರ್ಚಿಯ ಬಾಡಿಗೆ, ಯಾರು ಗೆದ್ದರೂ ಅಷ್ಟೇ.

ದೊಡ್ಡ ಪಣದ ಗುಟ್ಟು ಈ ನಿಗದಿತ ಶುಲ್ಕದಲ್ಲಿದೆ. ಲೆಕ್ಕಕ್ಕೆಂದು ಆ ಶುಲ್ಕ ಒಂದಾಟಕ್ಕೆ 5 ಡಾಲರ್, ಗಂಟೆಗೆ 30 ಆಟ ಎಂದಿಟ್ಟುಕೊಳ್ಳಿ. ಮೇಜಿಗೆ 150 ಡಾಲರ್, ಒಂಬತ್ತು ಮಂದಿಯಲ್ಲಿ ತಲೆಗೆ ಸುಮಾರು 17. 2–4 ಡಾಲರಿನ ಆಟದಲ್ಲಿ, ಅಂದರೆ ಮೊದಲ ಸುತ್ತುಗಳಲ್ಲಿ 2, ಕೊನೆಯವುಗಳಲ್ಲಿ 4 ಡಾಲರ್ ಪಣವಿರುವಲ್ಲಿ, ಅದು 4 ಡಾಲರಿನ ನಾಲ್ಕು ಪಣಕ್ಕೆ ಸಮ. ಎಂಥ ಜಾಣನೂ ಗಂಟೆಗೆ ಅಷ್ಟು ಗಳಿಸಲಾರ. 1,500–3,000ದ ಮೇಜಿನಲ್ಲಿ ಅದೇ ಶುಲ್ಕ ಕಣ್ಣಿಗೇ ಬೀಳದು.

1983ರಲ್ಲಿ ಕಾಮರ್ಸ್ ಕ್ಲಬ್, 1984ರಲ್ಲಿ ಬೆಲ್ ಗಾರ್ಡನ್ಸಿನ ಬೈಸಿಕಲ್ ಕ್ಲಬ್ ತೆರೆದು ಗಾರ್ಡೀನಾದ ಗಿರಾಕಿಗಳನ್ನು ಸೆಳೆದವು. 1980ರ ದಶಕದ ಕೊನೆಗೆ ಕೆಲವು ಎಲೆ ತೆರೆದು ಆಡುವ ಸ್ಟಡ್, ಕೈಯಲ್ಲಿ ಎರಡೇ ಎಲೆಯಿದ್ದು ನಡುವಿನ ಐದು ಎಲ್ಲರಿಗೂ ಸೇರುವ ಹೋಲ್ಡಮ್ ಎರಡಕ್ಕೂ ದಾರಿ ತೆರೆಯಿತು. ಹಳೆಯ ಎಲ್ ಡೊರಾಡೊ ಕ್ಲಬ್ ಕೊಂಡ ಪ್ರಕಾಶಕ ಲ್ಯಾರಿ ಫ್ಲಿಂಟ್ 2000ದಲ್ಲಿ ಹಸ್ಲರ್ ಕ್ಯಾಸಿನೊ ತೆರೆದ. ಅವನಿಗೆ ಹುಚ್ಚು ಏಳೆಲೆಯ ಸ್ಟಡ್‌ನದು. ಮೊದಲು ಎರಡು ಮುಚ್ಚಿದ ಎಲೆ, ಒಂದು ತೆರೆದದ್ದು. ತೆರೆದ ಎಲೆಗಳಲ್ಲಿ ಯಾರದು ಚಿಕ್ಕದೋ ಅವನು ಕಡ್ಡಾಯ ಪಣ ಹಾಕಬೇಕು. ಆಮೇಲೆ ಮೂರು ತೆರೆದು, ಕೊನೆಯದು ಮುಚ್ಚಿ. ಎಂಟು ಮಂದಿಯೂ ಕಡೆವರೆಗೆ ಉಳಿದರೆ 56 ಎಲೆ ಬೇಕು, ಕಟ್ಟಿನಲ್ಲಿರುವುದು 52. ಆಗ ಕೊನೆಯ ಎಲೆಯೊಂದನ್ನು ನಡುವೆ ಎಲ್ಲರಿಗೂ ಸೇರಿದಂತೆ ತೆರೆದಿಡುತ್ತಾರೆ. ಆಟ ಬಿಟ್ಟವರ ತೆರೆದ ಎಲೆಗಳನ್ನು ನೆನಪಿಡದವನು ಇಲ್ಲಿ ಕೆಡುತ್ತಾನೆ. ಒಂದೇ ಜಾತಿಯ ಐದು ಎಲೆ ಒಳ್ಳೆಯ ಕೈ. ಕೈಯಲ್ಲಿ ಇಸ್ಪೀಟು ಜಾತಿಯ ನಾಲ್ಕು ಎಲೆ ಇದ್ದರೆ ಆ ಜಾತಿಯಲ್ಲಿ ಉಳಿದದ್ದು ಒಂಬತ್ತು. ಅವುಗಳಲ್ಲಿ ಐದು ಆಗಲೇ ಕಂಡುಹೋಗಿದ್ದರೆ ಐದನೆಯದಕ್ಕೆ ಕಾಯುವುದು ಸುಮ್ಮನೆ ಪಣದ ಬಿಲ್ಲೆ ಸುರಿದಂತೆ.

ಫ್ಲಿಂಟ್ 2021ರ ಫೆಬ್ರವರಿಯಲ್ಲಿ ತೀರಿಕೊಂಡ. ಅದೇ ವರ್ಷ ಅವನ ಕ್ಯಾಸಿನೊದಿಂದ ಆಟದ ನೇರಪ್ರಸಾರ ಶುರುವಾಯಿತು, ಸ್ಟಡ್‌ನ ಜಾಗಕ್ಕೆ ಪಣಕ್ಕೆ ಮಿತಿಯಿಲ್ಲದ ಹೋಲ್ಡಮ್ ಬಂತು. 2023ರಲ್ಲಿ ವೃತ್ತಿಪರ ಆಟಗಾರ ಟಾಮ್ ಡ್ವಾನ್ ಎರಡು ರಾಣಿ ಹಿಡಿದು ಗೆದ್ದ ಒಂದೇ ಆಟದ ಮೊತ್ತ ಸುಮಾರು 31 ಲಕ್ಷ ಡಾಲರ್. ಇಂಥ ಪ್ರಸಾರದ ಎಲೆಗಳೊಳಗೆ ರೇಡಿಯೊ ಅಲೆಯಿಂದ ಎಲೆಯ ಗುರುತು ಹೇಳುವ ಆರ್‌ಎಫ್‌ಐಡಿ ಚಿಪ್, ಮೇಜಿನ ಬಟ್ಟೆಯಡಿ ಆಂಟೆನಾ. ಎಲೆ ಆಂಟೆನಾದಿಂದ ಸರಿದರೆ ಪರದೆಯಲ್ಲಿ ಕಾಣದು, ಅದು ಸಣ್ಣ ತೊಂದರೆ. ಆಟಗಾರರಿಗೆ ಸುಳಿವು ಸಿಗದಿರಲೆಂದು ನೋಡುಗರಿಗೆ ಚಿತ್ರ ತಡವಾಗಿ ತಲುಪುತ್ತದೆ. ಎಲೆಗಳನ್ನು ಆ ಕ್ಷಣವೇ ಕಾಣುವ ನಿಯಂತ್ರಣ ಕೊಠಡಿಗೆ ಆ ತಡೆ ಇರುವುದಿಲ್ಲ. ಕಾವಲು ಬೇಕಾದದ್ದು ಅಲ್ಲಿ.